ಹೆಳವರ ವಹಿಯಲ್ಲಿ ಹುಟ್ಟಿದವನು

ಮೊದಲೇ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ನಮ್ಮ ಮನೆತನದ ಹದಿನೇಳು ತಲೆಮಾರಿನ ಗಂಡಸರ ಹೆಸರು ನನಗೆ ಬಾಯಿಪಾಠ ಇದೆ. ಬೇಕೆಂದರೆ ಈಗಲೂ ಒಂದೇ ಉಸಿರಿಗೆ ಹೇಳಬಲ್ಲೆ. ಆದರೂ ಬರೆಯುವುದಿಲ್ಲ. ಹೆಸರಿಲ್ಲದೆ ಒಂದು ಕಥೆಯೊಳಗೆ ಇರುವುದು ಹೇಗಿರುತ್ತದೆ ಅಂತ ಅವರೂ ಒಂದು ಸಲ ನೋಡಲಿ.

ನಮ್ಮೂರು ಬ್ಯಾಡಗಿಯಿಂದ ಕಾಗಿನೆಲೆಗೆ ಹೋಗುವ ದಾರಿಯಲ್ಲಿ ಬರುತ್ತದೆ. ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆ ನಮ್ಮದು. ಅಜ್ಜಿ ಅಂದರೆ ಅಪ್ಪನ ತಾಯಿ, ಅಪ್ಪ, ಅವ್ವ, ಇಬ್ಬರು ಅಕ್ಕಂದಿರು, ಕೊನೆಗೆ ನಾನು. ಐದಾರು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ನಮ್ಮ ಕಡೆ ಒಕ್ಕಲು ಮನೆತನಕ್ಕೆಲ್ಲ ಒಬ್ಬೊಬ್ಬ ಹೆಳವ ಇರುತ್ತಾನೆ. ಮನೆತನದ ಮೂಲಪುರುಷ ಯಾರು, ಎಲ್ಲಿಂದ ಬಂದ, ಅವನ ಮಕ್ಕಳು ಯಾರು, ಆ ಮಕ್ಕಳ ಮಕ್ಕಳು ಯಾರು ಎನ್ನುವುದನ್ನೆಲ್ಲ ವಹಿಯಲ್ಲಿ ಬರೆದಿಟ್ಟುಕೊಂಡು, ಮನೆ ಮುಂದೆ ನಿಂತು ರಾಗವಾಗಿ ಹೇಳುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವುದು ಅವನ ಕೆಲಸ. ಅದಕ್ಕೆ ನಾವು ಜೋಳ ಕೊಡುತ್ತೇವೆ, ಅರಿವೆ ಕೊಡುತ್ತೇವೆ, ಮನಸ್ಸು ಬಂದರೆ ಒಂದು ಕರು ಕೊಡುತ್ತೇವೆ.

ನಮ್ಮ ಮನೆಗೆ ಬರುತ್ತಿದ್ದ ಹೆಳವಜ್ಜನಿಗೆ ಬಿಳಿ ಮೀಸೆ, ತಲೆಗೆ ರುಮಾಲು, ಕೈಯಲ್ಲಿ ಒಂದು ಗಂಟೆ. ಎತ್ತಿನ ಮೇಲೆ ಕೂತು ಬರುತ್ತಿದ್ದ. ವಹಿಗೆ ಕೆಂಪು ಬಟ್ಟೆ ಸುತ್ತಿರುತ್ತಿದ್ದ. ಆ ಬಟ್ಟೆ ಬಿಚ್ಚುವಾಗ ನಮ್ಮ ಅಜ್ಜಿ ಕೈ ಮುಗಿದು ನಿಲ್ಲುತ್ತಿದ್ದಳು. ಅಜ್ಜಿ ದೇವರಿಗೂ ಅಷ್ಟು ಹೊತ್ತು ಕೈ ಮುಗಿದದ್ದನ್ನು ನಾನು ನೋಡಿಲ್ಲ.

ಆ ವಹಿಯಲ್ಲಿ ನಾನು ಗಂಡು.

ಇದು ಆದದ್ದು ಹೀಗೆ. ಅವ್ವನಿಗೆ ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಮೂರನೆಯ ಸಲ ಬಸುರಿಯಾಗಿದ್ದಾಗ, ಏಳು ತಿಂಗಳಿದ್ದಾಗ, ಹೆಳವಜ್ಜ ಬಂದ. ಅದಕ್ಕೆ ಎರಡು ವರ್ಷದ ಹಿಂದೆ ಅಜ್ಜ ತೀರಿಕೊಂಡಿದ್ದ. ಈ ಸಲ ಅವನೇ ಹುಟ್ಟಿ ಬರುತ್ತಾನೆ ಎಂದು ಅಜ್ಜಿ ಲೆಕ್ಕ ಹಾಕಿಬಿಟ್ಟಿದ್ದಳು. ಹೊಟ್ಟೆ ಮುಂದಕ್ಕೆ ಬಂದಿದೆ, ಬಲಗಾಲು ಮೊದಲು ಇಡುತ್ತಾಳೆ, ಹುಳಿ ಬೇಡ ಅನ್ನುತ್ತಾಳೆ, ಇನ್ನೇನು ಸಾಕ್ಷಿ ಬೇಕು? ಬೆಳ್ಳಿಯ ಉಡದಾರ ಆಗಲೇ ಮಾಡಿಸಿ ಟ್ರಂಕಿನಲ್ಲಿಟ್ಟಿದ್ದಳು. ಹೆಳವಜ್ಜನಿಗೆ ಹೇಳಿದಳು, "ಮಮ್ಮಗನ ಹೆಸರು ಬರಕೋ. ಅವರ ಅಜ್ಜನ ಹೆಸರ ಇಡ್ತೇವಿ."

"ಹುಟ್ಟಲಿ ತಾಯಿ. ಮುಂದಿನ ಸಲ ಬಂದಾಗ ಬರಕೋತೇನಿ" ಅಂದನಂತೆ ಅವನು.

"ಮುಂದಿನ ಸಲ ನೀ ಬರೂ ತನಕ ನಾ ಇರತೇನೋ ಇಲ್ಲೋ. ನನ್ನ ಕಿವಿಲೆ ಕೇಳಬೇಕು."

ಇದರ ಹಿಂದೆ ಒಂದು ಸಂಗತಿ ಇದೆ. ಗಂಡನ ಹೆಸರನ್ನು ಅಜ್ಜಿ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಮದುವೆ, ಸೀಮಂತದಲ್ಲಿ ಒಡಪು ಹಾಕಿ, ಪ್ರಾಸದ ನಡುವೆ ಅಡಗಿಸಿ ಹೇಳಬೇಕು, ಅಷ್ಟೇ. ಅವನು ಸತ್ತ ಮೇಲೆ ಅದೂ ಇಲ್ಲ. ಮೊಮ್ಮಗನಿಗೆ ಅದೇ ಹೆಸರಿಟ್ಟರೆ ಆ ಹೆಸರು ಮನೆಯಲ್ಲಿ ದಿನಾ ಓಡಾಡುತ್ತದೆ. ಈಗ ಈ ವಯಸ್ಸಿನಲ್ಲಿ ಯೋಚಿಸಿದರೆ ಅಜ್ಜಿಯ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅರ್ಥವಾಯಿತೆಂದು ನಾನು ಅವಳನ್ನು ಸುಮ್ಮನೆ ಬಿಟ್ಟುಬಿಡಬೇಕು ಅಂತೇನಿಲ್ಲ.

ಹೆಳವಜ್ಜ ಬರೆದ. ಅಜ್ಜಿ ಒಂದು ಹೋರಿಗರು ಕೊಟ್ಟಳು. ಎರಡು ತಿಂಗಳಿಗೆ ನಾನು ಹುಟ್ಟಿದೆ.

ಸೂಲಗಿತ್ತಿ ನನ್ನನ್ನು ಎತ್ತಿ ತೋರಿಸಿದಾಗ ಅಜ್ಜಿ ಅಂದ ಮಾತನ್ನು ಊರಲ್ಲಿ ಎಲ್ಲರೂ ನನಗೆ ಹೇಳಿದ್ದಾರೆ, ಅವ್ವ ಒಬ್ಬಳನ್ನು ಬಿಟ್ಟು. "ವಹಿ ಸುಳ್ಳಾಗಲಿಲ್ಲ. ನಿನ್ನ ಹೊಟ್ಟಿ ಸುಳ್ಳಾತು." ಅಂದದ್ದು ಅವ್ವನಿಗೆ. ಬಾಣಂತಿ ಇನ್ನೂ ಮೈ ತೊಳೆದುಕೊಂಡಿರಲಿಲ್ಲ. ನನ್ನ ನಂತರ ಅವ್ವನಿಗೆ ಮಕ್ಕಳಾಗಲಿಲ್ಲ. ಆ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಹಾಲು ಉಕ್ಕಿದರೆ, ರೊಟ್ಟಿ ಸೀದರೆ, ಬಿತ್ತಿದ ಹತ್ತಿ ಹುಟ್ಟದಿದ್ದರೆ, ಅಜ್ಜಿಯ ಬಾಯಲ್ಲಿ ಅದೇ ಮಾತು. ಅವ್ವ ಎದುರಾಡುತ್ತಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಒಂದಿಷ್ಟು ಜೋರಾಗುತ್ತಿತ್ತು.

ನನಗೆ ಬುದ್ಧಿ ಬಂದ ಮೇಲೆ ಹೆಳವಜ್ಜನನ್ನು ನೋಡಿದ್ದು ಎಂಬತ್ತರ ದಶಕದ ಮೊದಲಿಗೆ, ಹನ್ನೊಂದು ವರ್ಷದವಳಿದ್ದಾಗ. ಕಟ್ಟೆಯ ಕಂಬ ಹಿಡಿದು ಕೇಳುತ್ತ ನಿಂತಿದ್ದೆ. ಎಷ್ಟು ಚೆಂದ ಹೇಳುತ್ತಿದ್ದ! ಮೂರು ಮಂದಿ ಅಣ್ಣತಮ್ಮಂದಿರು ಮೂಡಲ ಸೀಮೆಯಿಂದ ಒಂದು ಎತ್ತು ಹೊಡೆದುಕೊಂಡು ಹೊರಟರು. ತುಂಗಭದ್ರೆ ತುಂಬಿ ಹರಿಯುತ್ತಿತ್ತು. ಅಣ್ಣತಮ್ಮಂದಿರು ಹರಿಗೋಲಿನಲ್ಲಿ ಕೂತರು, ಎತ್ತು ಈಜಿತು. ದೊಡ್ಡವನು ರಾಣೆಬೆನ್ನೂರ ಸೀಮೆಯಲ್ಲಿ ನಿಂತ, ನಡುವಿನವನು ಹಾವೇರಿ ಕಡೆಗೆ ಹೋದ, ಸಣ್ಣವನು ಎತ್ತು ಎಲ್ಲಿ ಮಲಗಿತೋ ಅಲ್ಲಿ ಗುಡಿಸಲು ಹಾಕಿದ. ಅದೇ ನಮ್ಮೂರು. ಆ ಎತ್ತಿಗೂ ಒಂದು ಹೆಸರಿತ್ತು, ಅದನ್ನೂ ಹೇಳಿದ. ಅಲ್ಲಿಂದ ಇಂಥವನ ಮಗ ಇಂಥವ, ಇಂಥವನ ಮಗ ಇಂಥವ ಎಂದು ಇಳಿಯುತ್ತ ಬಂದು ಅಪ್ಪನ ಹೆಸರಿಗೆ ಮುಟ್ಟಿದ. "ಹೇಂತಿ, ಹೊಸರಿತ್ತಿಯಿಂದ ತಂದದ್ದು" ಅಂದ. ಅದು ನಮ್ಮ ಅವ್ವ. ಆಮೇಲೆ ಒಬ್ಬ ಮಗನ ಹೆಸರು ಹೇಳಿ ಗಂಟೆ ಬಾರಿಸಿದ. ಅಜ್ಜಿ ಕಣ್ಣು ಮುಚ್ಚಿದ್ದಳು.

ನಾನು ಬಾಯಿ ಹಾಕಿದೆ. "ಅಜ್ಜಾ, ಅವ ಯಾರು?"

ಅಜ್ಜಿ ನನ್ನ ತೋಳು ಚಿವುಟಿದಳು. ಹೆಳವಜ್ಜ ಕೇಳಿದ, "ಹೌದಲ್ಲ ತಾಯಿ, ಹುಡುಗ ಎಲ್ಲಿ? ಕಾಣವಲ್ಲ."

"ಸಾಲಿಗೆ ಹೋಗ್ಯಾನ."

"ಸೂಟಿಯೊಳಗೂ ಸಾಲಿ ಐತೇನು?"

"ಹೊಸರಿತ್ತಿಯೊಳಗ ಅವರ ಮುತ್ಯಾನ ಮನಿಯಾಗ ಇರ್ತಾನ. ನೀ ಮುಂದ ಹೇಳು."

ಬಾಗಿಲ ಹಿಂದೆ ಅವ್ವನ ಬಳೆ ಸದ್ದಾಯಿತು. ಅಪ್ಪ ಹಗ್ಗ ಹೊಸೆಯುತ್ತಿದ್ದವನು ಹೊಸೆಯುತ್ತಲೇ ಇದ್ದ. ಅಪ್ಪ ಒಳ್ಳೆಯವನು, ಆದರೆ ತಾಯಿಯ ಎದುರು ಅವನ ನಾಲಿಗೆ ಏಳುತ್ತಿರಲಿಲ್ಲ. ಇದನ್ನು ಬರೆದರೆ ಅವನಿಗೆ ಬೇಸರವಾಗುತ್ತಿತ್ತೇನೋ. ಆಗಲಿ.

ಅಂದಿನಿಂದ ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾಯಿತು. ಇಲ್ಲದವನ ಮೇಲೆ ಎಂಥ ಹೊಟ್ಟೆಕಿಚ್ಚು ಅಂತ ನಗಬೇಡಿ. ಇದ್ದವರ ಮೇಲಾದರೆ ಜಗಳವಾಡಬಹುದು, ಗುದ್ದಬಹುದು. ಇವನಿಗೆ ಜ್ವರ ಬರುವುದಿಲ್ಲ, ಪರೀಕ್ಷೆಯಲ್ಲಿ ಫೇಲಾಗುವುದಿಲ್ಲ, ಅಜ್ಜಿಗೆ ಎದುರುತ್ತರ ಕೊಡುವುದಿಲ್ಲ. ಇಂಥ ಒಳ್ಳೆಯ ಮೊಮ್ಮಗ ಯಾವ ಮನೆಯಲ್ಲಿದ್ದಾನೆ? ಒಮ್ಮೆ ನೀರಿನ ಕೊಡ ಒಡೆದು ಅಜ್ಜಿಗೆ ಹೇಳಿದೆ, "ನಾ ಅಲ್ಲ, ವಹಿಯಾಗ ಇದ್ದವ ಒಡದ." ಯುಗಾದಿಗೆ ಹೋಳಿಗೆ ಮಾಡಿದಾಗ ಅವನ ಪಾಲಿನದು ನನಗೆ ಬೇಕೆಂದು ಹಟ ಹಿಡಿದೆ. "ಅವ ಹೊಸರಿತ್ತಿಯೊಳಗ ಅದಾನಲ್ಲ, ಅಲ್ಲೇ ತಿಂತಾನ" ಅಂದೆ. ಅಜ್ಜಿ ಹೊಡೆದಳು. ಅಕ್ಕಂದಿರು ಒಳಗೆ ಹೋಗಿ ನಕ್ಕರು. ಅವ್ವ ಯಾರಿಗೂ ಕಾಣದ ಹಾಗೆ ನನಗೆ ಎರಡನೆಯ ಹೋಳಿಗೆ ಕೊಟ್ಟಳು.

ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪ ನನ್ನನ್ನು ಪಿಯುಸಿಗೆ ಹಾವೇರಿಗೆ ಕಳಿಸಿದ. ಅಕ್ಕಂದಿರಿಬ್ಬರಿಗೂ ಅಷ್ಟರಲ್ಲಿ ಮದುವೆಯಾಗಿತ್ತು. ತಾಯಿಗೆ ಎದುರಾಗಿ ಅವನು ಮಾಡಿದ ಮೊದಲ ಕೆಲಸ ಇದು, ಅದೂ ಅಜ್ಜಿ ತವರಿಗೆ ಹೋದಾಗ ಮಾಡಿದ. ಹಾವೇರಿಯಲ್ಲಿ ನಾನು ಇದ್ದದ್ದು ಒಬ್ಬ ನಿವೃತ್ತ ನರ್ಸಬಾಯಿಯ ಮನೆಯ ಹಿಂದಿನ ಖೋಲಿಯಲ್ಲಿ. ಆಕೆ ಕ್ರೈಸ್ತರವಳು, ಒಂಟಿ. ಬಿಳಿ ಸೀರೆ, ಬಿಳಿ ಕೂದಲು, ಮಾತು ಮಾತ್ರ ನಮ್ಮ ಅಜ್ಜಿಯ ಹಾಗೇ ಖಾರ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಸಂಜೆ ಐದಕ್ಕೆ ನಾನು ಕಾಲೇಜಿನಿಂದ ಬಂದ ಮೇಲೆ ಜಗುಲಿಯಲ್ಲಿ ಕೂತು ಅವರ ಧರ್ಮಗ್ರಂಥವನ್ನು ಆಕೆಗೆ ಓದಿ ಹೇಳಬೇಕು, ಆಮೇಲೆ ಚಹಾ. ಹೀಗೊಂದು ಕರಾರು ನಮ್ಮ ನಡುವೆ ತಾನಾಗಿ ಆಯಿತು.

ಕಥೆಗಳು ಬಂದರೆ ಸರಿ, ನನಗೂ ಖುಷಿ. ಆದರೆ ನಡುನಡುವೆ ಹೆಸರುಗಳ ಸಾಲು ಬರುತ್ತಿತ್ತು. ಇಂಥವನು ಇಂಥವನನ್ನು ಪಡೆದನು, ಅವನು ಇಂಥವನನ್ನು ಪಡೆದನು. ಒಂದೊಂದು ಹೆಸರು ನಾಲಿಗೆಗೆ ಸಿಕ್ಕಿಕೊಳ್ಳುವಂಥದ್ದು. ಮೊದಲ ಸಲ ಬಂದಾಗ ನಾಲ್ಕು ಸಾಲು ಹಾರಿಸಿದೆ.

"ಏ, ನಾಲ್ಕು ಮಂದಿನ್ನ ನುಂಗಿದಿ" ಅಂದಳು ಕಣ್ಣು ಮುಚ್ಚಿಕೊಂಡೇ. "ವಾಪಸ್ ಹೋಗು."

"ಇದರಾಗೇನೈತ್ರಿ ಬಾಯಾರ, ಬರೇ ಹೆಸರು."

"ಬರೇ ಹೆಸರು ಹೆಂಗಾಕ್ಕಾವ? ಒಬ್ಬೊಬ್ಬನ್ನೂ ಒಬ್ಬಾಕಿ ಹಡದಾಳ. ಎಷ್ಟು ಮಂದೀನ ಈ ಕೈಯಾಗ ಹಿಡದು ಹೊರಗ ತಂದೇನಿ ನಾ. ಓದು."

ನನಗೆ ನಗು ಬಂತು. ಇದು ನಮ್ಮ ಹೆಳವಜ್ಜನೇ! ಎತ್ತು, ಗಂಟೆ ಇಲ್ಲ ಅಷ್ಟೇ. ಹೆಳವರ ಸಂಗತಿಯನ್ನು ಆಕೆಗೆ ಹೇಳಿದೆ. ಆಮೇಲೆ ಹೇಳಿದಳು, ಅವರ ಮನೆತನಕ್ಕೂ ಒಬ್ಬ ಹೆಳವ ಇದ್ದನಂತೆ. ಅವಳ ಅಜ್ಜ ಕ್ರೈಸ್ತನಾದ ಮೇಲೆ ಬರುವುದನ್ನು ಬಿಟ್ಟ. ಆ ವಹಿಯಲ್ಲಿ ಅವರ ಸಾಲು ಅಲ್ಲಿಗೇ ನಿಂತಿದೆ. "ಅದಕ್ಕ ಈ ಸಾಲು ಹಾರಿಸಬ್ಯಾಡ ಅಂತೇನಿ. ನನಗೂ ಒಂದು ವಹಿ ಬೇಕಲ್ಲ" ಅಂದಳು. ಅಂದಿನಿಂದ ನಾನು ಒಂದು ಹೆಸರನ್ನೂ ಬಿಡಲಿಲ್ಲ.

ಪ್ರಳಯದ ಕಥೆ ಬಂತು. ನೀರು ಇಳಿದ ಮೇಲೆ ಹಡಗಿನಿಂದ ಇಳಿದ ಮುದುಕನ ಮೂರು ಮಂದಿ ಗಂಡುಮಕ್ಕಳಿಂದ ಲೋಕದ ಜನವೆಲ್ಲ ಹುಟ್ಟಿತಂತೆ. ಸಮುದ್ರದ ದಂಡೆಯವರು ಒಬ್ಬನ ಮಕ್ಕಳು, ಬಿಸಿಲ ನಾಡಿನವರು ಇನ್ನೊಬ್ಬನ ಮಕ್ಕಳು, ಡೇರೆಯಲ್ಲಿರುವವರು ಮತ್ತೊಬ್ಬನ ಮಕ್ಕಳು. ಇಲ್ಲೂ ಮೂವರು ಅಣ್ಣತಮ್ಮಂದಿರು, ಇಲ್ಲೂ ತುಂಬಿದ ನೀರು! ನಮ್ಮವರು ಹರಿಗೋಲಿನಲ್ಲಿ ದಾಟಿದರು, ಅವರು ಹಡಗಿನಲ್ಲಿ. "ಆ ಮುದುಕನ ಹೇಂತಿ ಹೆಸರೇನ್ರಿ?" ಅಂತ ಕೇಳಿದೆ. ನರ್ಸಬಾಯಿ ನಕ್ಕಳು. "ಬರದಿಲ್ಲ." ಹಡಗಿನೊಳಗೆ ಹೋದ ಪಾರಿವಾಳದ ಸುದ್ದಿ ಇದೆ, ಕಾಗೆಯ ಸುದ್ದಿ ಇದೆ, ಆ ಮೂವರನ್ನೂ ಹಡೆದವಳಿಗೆ ಹೆಸರಿಲ್ಲ. ನಮ್ಮ ವಹಿಯಲ್ಲಿ ಎತ್ತಿನ ಹೆಸರಿದೆ, ಎತ್ತು ಹೊಡೆದವರ ತಾಯಿಯ ಹೆಸರಿಲ್ಲ. ನನಗೆ ಮೈಯೆಲ್ಲ ಉರಿಯಿತು. ಭೂಮಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಹೆಳವರೂ ಸೇರಿ ಮಾತಾಡಿಕೊಂಡು ಮಾಡಿದ ಹಾಗಿದೆಯಲ್ಲ ಇದು!

ಅದನ್ನು ಹೇಳಿದೆ. ಆಕೆ ಪುಟ ತಿರುವಲು ಹೇಳಿದಳು. ಬಹಳ ಮುಂದಕ್ಕೆ, ಅಂದರೆ ಗ್ರಂಥದ ಎರಡನೆಯ ಭಾಗದ ಮೊದಲ ಪುಟಕ್ಕೆ. ಅಲ್ಲೂ ಒಂದು ವಂಶಾವಳಿ, ಅವರು ದೇವರೆಂದು ನಂಬಿದವನದು, ನಲವತ್ತೆರಡು ತಲೆಮಾರು. ಓದುತ್ತಾ ಹೋದೆ. ಗಂಡಸು, ಗಂಡಸು, ಗಂಡಸು, ಇದ್ದಕ್ಕಿದ್ದಂತೆ ಒಬ್ಬ ಹೆಣ್ಣು. ಮತ್ತೆ ಗಂಡಸರು, ಮತ್ತೊಬ್ಬಳು. ಹೀಗೆ ನಾಲ್ವರು. ಯಾರು ಇವರು ಅಂತ ಕೇಳಿದರೆ ನರ್ಸಬಾಯಿ ದಿನಕ್ಕೊಬ್ಬಳ ಕಥೆ ಹೇಳಿದಳು. ಒಬ್ಬಳು ವಿಧವೆ, ಮಾವ ಅನ್ಯಾಯ ಮಾಡಿದನೆಂದು ಮುಸುಕು ಹಾಕಿ ಅವನನ್ನೇ ಮೋಸಗೊಳಿಸಿ ತನ್ನ ಹಕ್ಕು ಪಡೆದವಳು. ಇನ್ನೊಬ್ಬಳು ಊರಗೋಡೆಯಲ್ಲಿ ಮನೆ ಮಾಡಿಕೊಂಡಿದ್ದವಳು, ನಾಲ್ಕು ಮಂದಿ ಕೆಟ್ಟವಳು ಅನ್ನುತ್ತಿದ್ದವಳು. ಮೂರನೆಯವಳು ಪರದೇಶದ ಸೊಸೆ, ಗಂಡ ಸತ್ತ ಮೇಲೆ ಅತ್ತೆಯ ಬೆನ್ನು ಹತ್ತಿ ಬಂದು ಬೇರೆಯವರ ಹೊಲದಲ್ಲಿ ಹಕ್ಕಲು ಆಯ್ದವಳು. ಹಕ್ಕಲು ಅಂದಾಗ ನಾನು ಆಕೆಯನ್ನು ತಡೆದೆ. ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದ ತೆನೆ ಆರಿಸುವುದು. ನಮ್ಮವ್ವ ಹೊಸರಿತ್ತಿಯಲ್ಲಿ ಹುಡುಗಿಯಾಗಿದ್ದಾಗ ಅದನ್ನೇ ಮಾಡಿದವಳು. ಅಜ್ಜಿ ಅದನ್ನೂ ಆಡಿ ತೋರಿಸುತ್ತಿದ್ದಳು.

ನಾಲ್ಕನೆಯವಳ ಹೆಸರನ್ನು ಬರೆದಿರಲಿಲ್ಲ. ಇಂಥವನ ಹೆಂಡತಿ ಅಂತ ಇತ್ತು, ಅಷ್ಟೇ. "ಎಷ್ಟಂದ್ರೂ ಹೆಳವ ಹೆಳವನ" ಅಂದಳು ನರ್ಸಬಾಯಿ.

"ಮತ್ತ ಈ ಮೂವರ ಹೆಸರರೆ ಯಾಕ ಬರದಾನ್ರಿ?"

"ಬಿಟ್ರ ಸಾಲು ಹರೀತದ ಅಂತ ಬರದವಗ ಗೊತ್ತಿತ್ತು. ಕಡೀಗಿ ಏನಾತು ನೋಡು. ನಲವತ್ತು ತಲಿ ಗಂಡಸರ ಹೆಸರು ಹೇಳಿ, ಬಡಿಗ್ಯಾನ ತನಕ ಬಂದು, ಮಗ ಅವನಾಂವ ಅಂತ ಬರ್ಯಾಕ ಬರಲಿಲ್ಲ. ಈಕಿ ಹೊಟ್ಟೀಲೆ ಹುಟ್ಟಿದಾಂವ ಅಂತ ತಾಯಿ ಹೆಸರು ಬರದ. ಗಂಡಸರ ಸಾಲು ಹೆಣ್ಣಿನ ಬಾಗಲಾಗ ಬಂದು ನಿಂತು ಕೈ ಮುಗೀತು."

ಆ ಸಂಜೆ ಚಹಾ ಆರಿಹೋಗುವವರೆಗೆ ನಾನು ಆ ಪುಟವನ್ನೇ ನೋಡುತ್ತ ಕೂತೆ. ಹೆಳವಜ್ಜ ಇನ್ನೊಂದು ಸಲ ಬರಲಿ ಅಂತ ಮನಸ್ಸಿನಲ್ಲಿ ಅಂದುಕೊಂಡೆ.

ಅವನು ಬಂದದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ. ನನಗೆ ಹದಿನೆಂಟು. ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ನಾನು ಊರಿಗೆ ಬಂದಿದ್ದೆ. ಅಂಗಳದ ತುಂಬ ಕಾಯಿ ಹರವಿದ್ದೆವು, ಬಂದವರೆಲ್ಲ ಸೀನುತ್ತಿದ್ದರು. ಹೆಳವಜ್ಜನಿಗೆ ವಯಸ್ಸಾಗಿತ್ತು. ಎತ್ತಿನ ಹಗ್ಗ ಹಿಡಿದು ಅವನ ಮಗ ಬಂದಿದ್ದ. ಪಕ್ಕದ ಮನೆಯವರೂ ಕೇಳಲು ಬಂದು ಕೂತರು. ಮೂವರು ಅಣ್ಣತಮ್ಮಂದಿರು ಹೊಳೆ ದಾಟಿದರು, ಎತ್ತು ಮಲಗಿತು, ಹದಿನೇಳು ತಲೆ ಇಳಿಯಿತು. ಆ ಹುಡುಗನ ಹೆಸರು ಬಂತು, ಗಂಟೆಯಾಯಿತು. ಹೆಳವಜ್ಜ ಪೆನ್ನು ತೆಗೆದ.

"ಹುಡುಗಗ ಹದಿನೆಂಟು ತುಂಬಿದ್ವಲ್ಲ ತಾಯಿ. ಲಗ್ನ ಗಿಗ್ನ ಗೊತ್ತಾಗಿದ್ರ ಹೇಳ್ರಿ, ಬರಕೋತೇನಿ."

ಅಜ್ಜಿ ಸಿದ್ಧವಾಗೇ ಇದ್ದಳು. "ಹುಬ್ಬಳ್ಳಿಯೊಳಗ ದಗದಕ್ಕ ಹತ್ಯಾನ. ಮುಂದಿನ ವರ್ಷ ಮಾಡತೇವಿ."

"ಅವ ಹುಬ್ಬಳ್ಳಿಗೆ ಹೋಗಿಲ್ಲರಿ, ಇಲ್ಲೇ ಅದಾನ" ಅಂದೆ. "ನಾನ ಅವ."

ಒಂದು ಕ್ಷಣ ಸೀನುವವರೂ ಸೀನಲಿಲ್ಲ. ಅಜ್ಜಿ ಎದ್ದು ನಿಂತಳು. ನಾನು ನಿಲ್ಲಿಸಲಿಲ್ಲ. "ನಮ್ಮವ್ವಗ ಮೂರು ಮಂದಿ ಹೆಣ್ಣುಮಕ್ಕಳು. ಮೂವರ ಹೆಸರೂ ಬರೀರಿ. ಇಲ್ಲದವನ ಹೆಸರು ತಗೀರಿ" ಅಂದೆ.

ಹೆಳವಜ್ಜ ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು. ಸಾವಕಾಶವಾಗಿ ಹೇಳಿದ, "ಊರೆಲ್ಲ ಹೇಳೈತಿ, ನನಗ ಗೊತ್ತಿಲ್ಲೇನು ತಂಗಿ? ಮನಿ ಹಿರೇಮನಷ್ಯಾಳು ಅದಾನ ಅಂತಾಳ, ನಾ ಹೆಂಗ ಇಲ್ಲ ಅನ್ನಲಿ? ಮತ್ತ ಹೆಣ್ಣುಮಕ್ಕಳನ್ನ ಬರಿಯೂ ಪದ್ಧತಿ ಇಲ್ಲ. ನೀ ನಾಳೆ ಕೊಟ್ಟ ಮನಿಗೆ ಹೊಕ್ಕಿ. ಆ ಮನಿ ಹೆಳವ ನಿನ್ನ ಬರಕೋತಾನ."

"ಏನಂತ ಬರಕೋತಾನ? ಬ್ಯಾಡಗಿ ಕಡಿಂದ ತಂದದ್ದು ಅಂತ ಹೌದಿಲ್ಲೊ?"

ಆಗ ನಾನು ನರ್ಸಬಾಯಿಯ ಗ್ರಂಥದ ಮಾತು ತೆಗೆದೆ. ಸಮುದ್ರದ ಆಚೆಯ ದೇಶದಲ್ಲೂ ಒಬ್ಬ ಹೆಳವ ಇದ್ದ, ಅವನೂ ವಂಶ ಬರೆದ, ಅದರಲ್ಲಿ ಹೆಣ್ಣುಮಕ್ಕಳನ್ನು ಬರೆದ, ಹಕ್ಕಲು ಆಯ್ದವಳನ್ನೂ ಬರೆದ ಎಂದೆ. ಅವನ ಕಣ್ಣು ಅರಳಿತು.

"ಅಲ್ಲೂ ನಮ್ಮಂದಿ ಅದಾರೇನು? ಎಷ್ಟು ತಲಿ ಹೇಳತಾರ?"

"ನಲವತ್ತೆರಡು."

"ನಲವತ್ತೆರಡು!" ಮಗನ ಕಡೆ ತಿರುಗಿದ. "ಕೇಳಿದೇನು? ನೀ ಹತ್ತು ಹೇಳಾಕ ತಡವರಸ್ತಿ." ಆಮೇಲೆ ನನಗೆ ಹೇಳಿದ, "ಅವರದು ಅವರಿಗೆ. ನಮ್ಮ ಪದ್ಧತಿಯೊಳಗ ಬರದದ್ದು ಅಳಸಂಗಿಲ್ಲ. ಮನಷ್ಯಾ ಸತ್ತಾಗ ಮಾತ್ರ ಮುಂದ ಒಂದು ಗುರುತು ಹಾಕತೇವಿ. ನಿಮ್ಮಜ್ಜಿ ಹೂಂ ಅಂದ್ರ ಆ ಗುರುತು ಹಾಕತೇನಿ."

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಆಕೆ ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡು, "ಹದಿನೆಂಟು ವರ್ಷ ಬೆಳಸೇನಿ ಅವನ್ನ. ನನ್ನ ಬಾಯಿಲೆ ಹೆಂಗ ಸಾಯಸ್ಲಿ?" ಅಂದಳು. ಅದು ನಾಟಕವಾಗಿರಲಿಲ್ಲ. ಗಂಡ ಸತ್ತಾಗ ಅತ್ತ ಹಾಗೇ ಅತ್ತಳು ಎಂದು ಪಕ್ಕದ ಮನೆಯವಳು ಆಮೇಲೆ ಹೇಳಿದಳು. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಬೆಳೆದವಳು ನಾನು, ಜ್ವರ ಬಂದು ಮಲಗಿದವಳು ನಾನು, ಇವಳ ಕಾಲು ಒತ್ತಿದವಳು ನಾನು ಎಂದು ಕೂಗಬೇಕೆನಿಸಿತು.

ಆಗ ಬಾಗಿಲು ಸರಿಯಿತು. ಅವ್ವ ಹೊರಗೆ ಬಂದಳು. ಹೆಳವಜ್ಜನ ಎದುರು ಆಕೆ ಬಂದು ನಿಂತದ್ದು ಅದೇ ಮೊದಲು. ಕೈಯೆಲ್ಲ ಮೆಣಸಿನಕಾಯಿಯ ಕೆಂಪು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ದನಿ ಎತ್ತರಿಸಲಿಲ್ಲ.

"ಅವ ಸತ್ತಿಲ್ಲರಿ. ಸತ್ತಾನ ಅಂತ ಬರೀಬ್ಯಾಡ್ರಿ, ಅತ್ತೀ ಅವರಿಗೆ ತ್ರಾಸ ಆಕ್ಕೈತಿ. ಅವ ಹುಟ್ಟಿಲ್ಲ. ಹಡದಾಕಿ ನಾನು, ನನಗ ಗೊತ್ತೈತಿ. ನನ್ನ ಹೊಟ್ಟಿ ಸುಳ್ಳು ಹೇಳಿಲ್ಲ. ಮೂರು ಸಲ ಹಡದೇನಿ, ಮೂರೂ ಹೆಣ್ಣು, ಮೂರೂ ಬದಕ್ಯಾವ. ಹಂಗ ಬರೀರಿ."

ಹೆಳವಜ್ಜ ಅಪ್ಪನ ಕಡೆ ನೋಡಿದ. "ಯಜಮಾನ್ರ?"

ಅಪ್ಪ ಅವತ್ತೂ ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ. "ಆಕಿ ಹೇಳಿದ್ದು ಖರೇ ಐತ್ರಿ" ಅಂದ. ಜೀವನದಲ್ಲಿ ಅವನು ಆಡಿದ ಅತಿ ಉದ್ದದ ಭಾಷಣ ಅದು ಅಂತ ನಾವು ಅಕ್ಕತಂಗಿಯರು ಇವತ್ತಿಗೂ ನಗುತ್ತೇವೆ.

ಹೆಳವಜ್ಜ ಆ ಹೆಸರನ್ನು ಹಾಗೇ ಬಿಟ್ಟು, ಅದರ ಮುಂದೆ 'ಹುಟ್ಟಲಿಲ್ಲ' ಎಂದು ಬರೆದ. ಕೆಳಗೆ ನಮ್ಮ ಮೂವರ ಹೆಸರು ಕೇಳಿ ಕೇಳಿ ಬರೆದ. ಕೊನೆಗೆ ಅವ್ವನ ಹೆಸರು ಕೇಳಿದ. ಅವ್ವನಿಗೆ ತಕ್ಷಣ ಹೇಳಲು ಬರಲಿಲ್ಲ. ಅವಳನ್ನು ಹೆಸರು ಹಿಡಿದು ಕರೆದು ಎಷ್ಟು ವರ್ಷವಾಗಿತ್ತೋ! ಕೊನೆಗೆ ಹೇಳಿದಳು, ತನ್ನ ಹೆಸರಲ್ಲ, ಯಾರದೋ ಹೆಸರು ಹೇಳುವ ಹಾಗೆ.

ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ಕಾಳು ಜೋಳ ಕೊಡುವುದಿಲ್ಲ ಅಂದಳು. ನಾನೇ ನೆಲದೊಳಗಿನ ಹಗೇವಿನ ಜೋಳ ಮೊರದಲ್ಲಿ ತುಂಬಿ ತಂದು ಹೆಳವಜ್ಜನ ಚೀಲಕ್ಕೆ ಸುರಿದೆ. ಅವನು ನನ್ನ ತಲೆ ಮುಟ್ಟಿ, "ಬಾಳ ಗಟ್ಟಿಗಿತ್ತಿ ಅದೀಯವ್ವಾ" ಅಂದ. ಅದು ಹೊಗಳಿಕೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ. ಎರಡೂ ಇರಲಿ ಎಂದು ಇಟ್ಟುಕೊಂಡಿದ್ದೇನೆ.

ಹಾವೇರಿಗೆ ಹೋಗಿ ನರ್ಸಬಾಯಿಗೆ ಎಲ್ಲ ಹೇಳಿದೆ. ಅವ್ವ ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡಳು. "ಹಡದಾಕಿ ನಾನು ಅಂದ್ಲಾ? ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಗ್ರಂಥದಾಗೈತಿ" ಅಂದಳು.

ಅಜ್ಜಿ ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಎಮ್ಮೆಗೆ ಹೇಳುತ್ತಿದ್ದಳು. "ಏ ಎಮ್ಮಿ, ಆ ದೊಡ್ಡ ಮನಷ್ಯಾಳಿಗೆ ರೊಟ್ಟಿ ತಿನ್ನು ಅಂತ ಹೇಳು." ನಾನೂ ಎಮ್ಮೆಗೇ ಉತ್ತರ ಕೊಡುತ್ತಿದ್ದೆ. ಇದು ತಿಂಗಳುಗಟ್ಟಲೆ ನಡೆಯಿತು. ಆದರೆ ಒಂದು ಮಾತು ನಿಂತಿತು. ಹಾಲು ಉಕ್ಕಿದಾಗ ಅಜ್ಜಿ ಹಾಲಿಗೇ ಬಯ್ದಳು, ಅವ್ವನ ಹೊಟ್ಟೆಯ ಸುದ್ದಿ ಎತ್ತಲಿಲ್ಲ.

ತೊಂಬತ್ತರ ದಶಕದ ನಡುವೆ ಹೆಳವಜ್ಜನ ಮಗ ಬಂದ. ಹೆಳವಜ್ಜ ತೀರಿಕೊಂಡಿದ್ದ. ಎತ್ತು ಇರಲಿಲ್ಲ, ಇವನು ಬಸ್ಸಿಗೆ ಬಂದಿದ್ದ, ಆದರೆ ಗಂಟೆ ತಂದಿದ್ದ. ನಾನು ಆಗ ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಅಂದು ರವಿವಾರ, ಊರಿಗೆ ಬಂದಿದ್ದೆ. ಅಜ್ಜಿ ಕಟ್ಟೆಯ ಮೇಲೆ ಹೊರಸಿನಲ್ಲಿ ಮಲಗಿದ್ದಳು. ಕಿವಿ ಮಂದವಾಗಿತ್ತು. ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಗಿತ್ತು, ಆದರೆ ಆ ವಹಿಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮಗ ಓದಿದ. ಅಪ್ಪನ ಹೆಸರು, ಆ ಹುಡುಗನ ಹೆಸರು, ಹುಟ್ಟಲಿಲ್ಲ. ಮೂರು ಮಂದಿ ಹೆಣ್ಣುಮಕ್ಕಳು, ಅವರ ಹೆಸರು. ಹಡೆದವಳು ಎಂದು ಅವ್ವನ ಹೆಸರು. ಅವ್ವ ಹೊಸ್ತಿಲ ಈಚೆ ಕೂತು ಕೇಳಿದಳು. "ಇನ್ನೊಮ್ಮೆ ಓದ್ರಿ" ಅಂದಳು. ಅವನು ಓದಿದ.

ಹೊರಸಿನಿಂದ ಅಜ್ಜಿ ಕೂಗಿದಳು, "ಜೋರಾಗಿ ಓದೋ, ನನಗ ಕೇಳಸವಲ್ದು. ಆಕಿದು ಆತು. ಅದರ ಹಿಂದಿನ ಸಾಲು ಓದು."

ಹಿಂದಿನ ಸಾಲು ಅಜ್ಜನದು. ಅವನು ಹೊರಸಿನ ಹತ್ತಿರ ಬಂದು ಜೋರಾಗಿ ಆ ಹೆಸರು ಹೇಳಿದ. ಅಜ್ಜಿ ಮಲಗಿದಲ್ಲೇ ಕೈ ಮುಗಿದಳು. ಅವನು ಮುಂದೆ ಓದಿದ, "ಹೇಂತಿ, ಮೇಡ್ಲೇರಿಯಿಂದ ತಂದದ್ದು."

ಇಷ್ಟು ವರ್ಷ ಎಲ್ಲ ಸಾಲೂ ರಾಗದಲ್ಲಿ ಓಡಿಹೋಗುತ್ತಿದ್ದವು. ಅಜ್ಜಿ ತನಗೆ ಬೇಕಾದ ಆ ಒಂದೇ ಹೆಸರು ಎರಡು ಸಲ ಬರುವುದಕ್ಕೆ ಕಾಯುತ್ತಿದ್ದಳೇ ಹೊರತು ನಡುವಿನದನ್ನು ಕೇಳಿಸಿಕೊಂಡವಳಲ್ಲ. ಈಗ ಕಿವಿಯ ಹತ್ತಿರ ಬಿಡಿಬಿಡಿಯಾಗಿ ಹೇಳಿದ್ದರಿಂದ ಕೇಳಿಸಿತು.

"ಮೇಡ್ಲೇರಿಯಿಂದ ಏನ್ ತಂದರಂತ? ಎಮ್ಮಿಯೇನು?"

"ನಿಮ್ಮನ್ನರಿ ಅಜ್ಜಿ."

"ನನಗ ಹೆಸರಿಲ್ಲೇನು?"

"ಐತ್ರಿ. ಬರಿಯೂ ಪದ್ಧತಿ ಇಲ್ಲ."

ಅಜ್ಜಿ ಕೈ ಊರಿ ಎದ್ದು ಕೂತಳು. ಅವನನ್ನು ನೋಡಿದಳು, ವಹಿಯನ್ನು ನೋಡಿದಳು, ಆಮೇಲೆ ಕಂಬ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು.

"ಏ, ಬಾಯಾಗ ನೀರ ತುಂಬಕೊಂಡಿಯೇನು? ಸುಮ್ಮನ ಯಾಕ ನಿಂತೀದಿ? ಬಾ ಇಲ್ಲೆ. ಜಗಳಾ ಮಾಡು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ವಹಿಯ ಎದುರಿಗೆ ಕೂತೆ.